ಹಸುರಿನಲ್ಲಡಗಿದ ವಿಷ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆ ಒಂದು ಜಂಕ್ಷನ್ನು. ಮೈಸೂರು ಸೀಮೆಯ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಇದನ್ನು ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದರು. ಇಲ್ಲಿಂದ ಕವಲೊಡೆದ ಕಿರುದಾರಿಯೊಂದು ಊರಿಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳನ್ನು ಹಾದು ಮಾರಿಕುಪ್ಪದಲ್ಲಿ ಮುಗಿಯುವುದು. ಆ ದಾರಿಯಲ್ಲಿ ಪಯಣ ಮಾಡಿದ ನಮ್ಮ ವಾಚಕರು ಬೂದುಬಣ್ಣದ ದೊಡ್ಡ ದೊಡ್ಡ ದಿಬ್ಬಗಳನ್ನು ನೋಡಿಯೇ ಇರುವರು. ಕೋಲಾರದ ಚಿನ್ನದ ಗಣಿಗಳಲ್ಲಿ ನೂರಿಪ್ಪತ್ತು ವರ್ಷಗಳ ಕಾಲ ಮೇಲೆ ತಂದ ಕಲ್ಲನ್ನು ಹುಡಿಮಾಡಿ, ಅದರೊಳಗಣ ಚಿನ್ನವನ್ನು ತೆಗೆದುಕೊಂಡು, ಉಳಿದುದನ್ನು ಸುರಿದ ರಾಶಿಗಳಿವು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಸುಮಾರು 3.3 ಕೋಟಿ ಟನ್ನುಗಳ ಈ ರಾಶಿಗಳು ಮಾತ್ರ ಊರಿನಲ್ಲಿಯೇ ಉಳಿದುವು. ಜನರು ಇವನ್ನು ಸೈನೈಡ್ ಗುಡ್ಡಗಳೆನ್ನುವರು.

ಈ ಹೆಸರಿಗೆ ಕಾರಣವುಂಟು. ಕಲ್ಲುಹುಡಿಯನ್ನು ಸೈನೈಡಿನ ತೆಳುವಾದ ದ್ರಾವಣದಲ್ಲಿ ನೆನೆಯಿಸಿದರೆ ಅದರಲ್ಲಿನ ಚಿನ್ನವು ಕರಗಿ ನೀರಿಗೆ ಬರುವುದು; ಅನಂತರ ಸತುವನ್ನು ಸೇರಿಸಿ ಚಿನ್ನವನ್ನು ಬೇರ್ಪಡಿಸಬಹುದು. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಕಂಡುಹಿಡಿದ ಈ ವಿಧಾನವು ಮುಂದೆ ಕೋಲಾರದ ಗಣಿಗಳಿಗೂ ಬಂದಿತು. ಸೈನೈಡೆಂದರೆ ಎಂಥ ವಿಷವೆಂಬುದು ಈ ಊರಿನ ಮಕ್ಕಳಿಗೂ ತಿಳಿದ ಸಂಗತಿ. ಆ ಗುಡ್ಡಗಳ ಮೇಲೆ ದನಗಳನ್ನು ಮೇಯಬಿಡಕೂಡದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಸೈನೈಡು ಗುಡ್ಡದಿಂದ ದೂರದಲ್ಲಿ, ಹೊಲದ ಬದುವಿನ ಪಕ್ಕದಲ್ಲಿ, ಕಣ್ಣಿಗೆ ತಂಪಾದ ಹಸುರುಬಣ್ಣ ತಾಳಿ ನಿಂತಿರಬಹುದೆಂಬುದನ್ನು ಎಷ್ಟು ಮಂದಿ ಬಲ್ಲರು? ಗುಡ್ಡಕ್ಕೆ ಹೆದರಿ ದೂರ ನಿಲ್ಲುವ ನಾವು, ಈ ಹಸುರನ್ನು ನಮ್ಮ ಕೈಯಿಂದಲೇ ಕೊಯ್ದು ಹಸುವಿನ ಮುಂದೆ ಹಾಕುತ್ತೇವೆ. ಈ ಸಂಗತಿಯನ್ನು ಗೃಹಸ್ಥರೂ ಗೃಹಿಣಿಯರೂ ಚೆನ್ನಾಗಿ ಮನಗಾಣಬೇಕೆಂಬುದೇ ಈ ಲೇಖನದ ಉದ್ದೇಶ.

ಎಳೆಯ ಜೋಳ

ಕೋಲಾರ ಜಿಲ್ಲೆಯು ರಾಗಿಯ ಸೀಮೆ, ಹಾಲಿನ ಸೀಮೆಯೂ ಹೌದು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ವರ್ಷಕ್ಕೆ ಸುಮಾರು 750 ಮಿಲಿಮೀಟರು ಮಳೆ. ಅದೂ ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಬೆಳೆ ಕೈಕೊಟ್ಟ ವರ್ಷದಲ್ಲಿ ಮನೆಯನ್ನು ನಡೆಯಿಸುವುದು ಕೊಟ್ಟಿಗೆಯ ಹಸು. ಡೇರಿಗೆ ಅಳೆದ ಹಾಲಿನ ಬಟವಾಡೆಯಿಂದಲೇ ಉಪ್ಪು, ಎಣ್ಣೆ, ಮಕ್ಕಳ ಶಾಲೆಯ ಖರ್ಚು, ಸಾಲದ ಕಂತು ಎಲ್ಲವೂ ಸಾಗಬೇಕು. ಅಂಥ ಮನೆಯಲ್ಲಿ ಬೆಳಗ್ಗೆ ಹಾಲು ಕೊಟ್ಟ ಹಸುವು ಮಧ್ಯಾಹ್ನಕ್ಕೆ ಇಲ್ಲವೆಂದರೆ, ಹೋದುದು ಒಂದು ಪಶುವಲ್ಲ, ಆ ಸಂಸಾರದ ವರ್ಷದ ಅನ್ನವೇ.

ರಾಗಿಯ ಹೊಲದ ನಡುನಡುವೆ ಅಕ್ಕಡಿ ಸಾಲುಗಳನ್ನಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳಗಳನ್ನು ಬಿತ್ತುವುದು ಹಿರಿಯರಿಂದ ಬಂದ ಪದ್ಧತಿ. ಸೀಮೆಹಸುಗಳು ಬಂದ ಮೇಲೆ ಮೇವಿಗಾಗಿಯೇ ಜೋಳವನ್ನು ಬೆಳೆಯುವವರೂ ಉಂಟು. ಬಲಿತ ಜೋಳದ ದಂಟು ದನಗಳಿಗೆ ಒಳ್ಳೆಯ ಮೇವು. ಕಾಳಂತೂ ನಮ್ಮ ಉತ್ತರದ ಜಿಲ್ಲೆಗಳ ನಿತ್ಯದ ಅನ್ನ. ಅದರಲ್ಲಿ ವಿಷವಿಲ್ಲ. ವಿಷವಿರುವುದು ಎಳೆಯ ಎಲೆಯಲ್ಲಿ, ಚಿಗುರಿನಲ್ಲಿ.

1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ಇಂಗ್ಲಿಷ್ ರಸಾಯನಜ್ಞರು ಈಜಿಪ್ತ್ ದೇಶದ ಎಳೆಯ ಜೋಳದ ಗಿಡಗಳನ್ನು ಪರೀಕ್ಷಿಸಿ ಅದರಿಂದೊಂದು ವಸ್ತುವನ್ನು ಬೇರ್ಪಡಿಸಿದರು. ಅರಬ್ಬಿ ಭಾಷೆಯಲ್ಲಿ ಜೋಳಕ್ಕೆ ಧುರಾ ಎಂದು ಹೆಸರಾದುದರಿಂದ ಈ ವಸ್ತುವಿಗೆ ಧುರಿನ್ ಎಂದು ಹೆಸರಿಟ್ಟರು. ಎಲೆಯು ಹಾಗೆಯೇ ನಿಂತಿರುವಾಗ ಧುರಿನ್ ಯಾರಿಗೂ ಕೇಡು ಮಾಡದು. ಬೆಂಕಿಕಡ್ಡಿಯೂ ಅದನ್ನು ಗೀರುವ ಪಟ್ಟಿಯೂ ಬೇರೆಬೇರೆಯಾಗಿರುವವರೆಗೆ ಬೆಂಕಿ ಹುಟ್ಟದಷ್ಟೆ? ಹಾಗೆಯೇ ಎಲೆಯಲ್ಲಿ ಧುರಿನ್ ಒಂದು ಕಡೆ, ಅದನ್ನು ಒಡೆಯತಕ್ಕ ಕಿಣ್ವ ಇನ್ನೊಂದು ಕಡೆ ಇರುವುವು. ದನವು ಎಲೆಯನ್ನು ಜಗಿದೊಡನೆ ಎರಡೂ ಕಲೆತು ಸೈನೈಡು ಬಿಡುಗಡೆಯಾಗುವುದು. ಹಸು, ಎಮ್ಮೆ, ಕುರಿ, ಆಡುಗಳ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ಕೈಗೂಡಿಸುತ್ತವೆ. ಆದಕಾರಣವೇ ಮೆಲುಕು ಹಾಕುವ ಪ್ರಾಣಿಗಳಿಗೆ ಈ ವಿಷವು ಕುದುರೆಗಿಂತಲೂ ಬೇಗನೆ ತಗಲುವುದು.

ಒಮ್ಮೆಗೇ ಹೊಟ್ಟೆಗೆ ಹೋದಲ್ಲಿ, ದೇಹದ ತೂಕದ ಒಂದು ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಮ್ ಸೈನೈಡು ಪ್ರಾಣಾಂತಿಕವೆಂದು ಪಶುವೈದ್ಯರ ಲೆಕ್ಕ. 300 ಕಿಲೋಗ್ರಾಮ್ ತೂಗುವ ಹಸುವಿಗೆ ಇದು 600 ಮಿಲಿಗ್ರಾಮ್ ಆಯಿತು. ಎಂದರೆ ಒಂದು ಗ್ರಾಮಿಗಿಂತಲೂ ಕಡಿಮೆ.

ಯಾವಾಗ ಅಪಾಯ?

ಜೋಳವು ಎಂದೂ ಒಂದೇ ಬಗೆಯಾಗಿರುವುದಿಲ್ಲ. ಇದನ್ನು ತಿಳಿದವನು ಅದನ್ನು ನಿಶ್ಚಿಂತೆಯಾಗಿ ಮೇಯಿಸಬಹುದು. ತಿಳಿಯದವನು ಅದೇ ಹೊಲದಲ್ಲಿ ಹಸುವನ್ನು ಕಳೆದುಕೊಳ್ಳುವನು.

ಗಿಡವು ಎಳೆಯದಾಗಿರುವಾಗ ವಿಷ ಹೆಚ್ಚು, ಬೆಳೆದಂತೆಲ್ಲ ಕಡಿಮೆ. ದಂಟಿಗಿಂತ ಎಲೆಯಲ್ಲಿ ಹೆಚ್ಚು. ಮಳೆಯಿಲ್ಲದೆ ಬಾಡಿ, ಬೆಳವಣಿಗೆ ನಿಂತು, ಮೊಳದೆತ್ತರದಲ್ಲಿಯೇ ಸುರುಟಿಕೊಂಡ ಪೈರು ಬಹಳ ಅಪಾಯಕರ. ಹಾಗೆ ಒಣಗಿದ ಹೊಲಕ್ಕೆ ತಡವಾಗಿ ಮಳೆ ಬಂದಾಗ ಹೊಮ್ಮುವ ಹೊಸ ಚಿಗುರು ಇನ್ನೂ ಕೆಟ್ಟದು. ಕೊಯ್ಲಾದ ಮೇಲೆ ಬುಡದಿಂದ ಬರುವ ಕೂಳೆಯ ಚಿಗುರೂ ಇದೇ ಜಾತಿಯದು. ಯೂರಿಯಾ ಗೊಬ್ಬರವನ್ನು ಅತಿಯಾಗಿ ಹಾಕಿದ ಹೊಲದಲ್ಲಿ ಅಪಾಯವು ಮತ್ತೂ ಏರುವುದು.

ಈಗ ಬಂಗಾರಪೇಟೆಯ ಕಡೆಯ ಒಂದು ಬರದ ವರ್ಷವನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಮಳೆ ತಪ್ಪಿದೆ. ರಾಗಿಯ ಹುಲ್ಲಿನ ಬಣವೆ ಕರಗಿದೆ. ಗೋಮಾಳದಲ್ಲಿ ಹಸುರೆಂಬುದಿಲ್ಲ. ಹಸುಗಳು ಅರೆಹೊಟ್ಟೆಯಲ್ಲಿವೆ. ಅಷ್ಟರಲ್ಲಿ ಒಂದು ಹದಮಳೆ ಬೀಳುವುದು. ಕೂಳೆಯ ಜೋಳವು ಒಂದು ವಾರದಲ್ಲಿ ಮಿನುಗುವ ಹಸುರಾಗಿ ಚಿಗುರುವುದು. ಮನೆಯವನಿಗೆ ಸಂತೋಷವೋ ಸಂತೋಷ. ಬೆಳಗ್ಗೆ ಹಾಲು ಕರೆದವನೇ ಹಸಿದ ಹಸುವನ್ನು ಹೊಲಕ್ಕೆ ಬಿಡುವನು. ಹಸಿವಿನ ಪ್ರಾಣಿ ಆತುರದಿಂದ ಬಾಚಿ ಬಾಚಿ ಮೇಯುವುದು. ಬರ, ಹಸಿವು, ಚಿಗುರು, ಆತುರ, ಈ ನಾಲ್ಕೂ ಒಂದುಗೂಡಿದ ಗಳಿಗೆಯೇ ಅಪಾಯದ ಗಳಿಗೆ. ಇವುಗಳಲ್ಲಿ ಬರ ಮತ್ತು ಚಿಗುರು ನಮ್ಮ ಕೈಯಲ್ಲಿಲ್ಲ. ಹಸಿವು ಮತ್ತು ಆತುರ ನಮ್ಮ ಕೈಯಲ್ಲಿವೆ.

ಆ ಅರ್ಧ ಗಂಟೆ

ವಿಷ ತಗಲಿದ ಹಸು ಮೊದಲು ಬಾಯಿ ತೆರೆದು ವೇಗವಾಗಿ ಉಸಿರಾಡುವುದು, ಜೊಲ್ಲು ಸುರಿಸುವುದು, ಮೈ ನಡುಗುವುದು, ಕಾಲು ತೊಡರಿ ತೂರಾಡುವುದು, ಹೊಟ್ಟೆ ಉಬ್ಬರಿಸಬಹುದು, ಬಿದ್ದು ಕಾಲುಗಳನ್ನು ಸೆಳೆದುಕೊಳ್ಳುವುದು. ಇದೆಲ್ಲವೂ ಮೇದ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಆಗಿಹೋಗುವುದು. ರಕ್ತದಲ್ಲಿ ಪ್ರಾಣವಾಯು ಇದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿ ದೇಹಕ್ಕೆ ಇಲ್ಲದಂತಾಗುವುದೇ ಈ ವಿಷದ ರೀತಿ. ಆದ್ದರಿಂದಲೇ ರಕ್ತವು ಮಾಮೂಲಿಗಿಂತ ಹೊಳೆಯುವ ಕೆಂಪಾಗಿರುವುದು. ಒಸಡು ಮತ್ತು ಕಣ್ಣಿನೊಳಗಿನ ಪೊರೆಗಳು ಕೆಂಪೇರುವುವು.

ಇಂಥ ಸಮಯದಲ್ಲಿ ಮೊದಲು ಮಾಡಬೇಕಾದುದು ಪಶುವೈದ್ಯರಿಗೆ ತಿಳಿಸುವುದು. ಈಗ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ವಾಹನವನ್ನು ಕರೆಯಬಹುದು. ಕರೆಯುವಾಗಲೇ ಹಸು ಏನು ಮೇದಿತ್ತೆಂಬುದನ್ನು ಹೇಳಬೇಕು. ಅದರಿಂದ ವೈದ್ಯರು ತಕ್ಕ ಔಷಧದೊಡನೆ ಹೊರಡಲು ಅನುಕೂಲವಾಗುವುದು. ಉಳಿದ ದನಗಳನ್ನು ಕೂಡಲೇ ಆ ಹೊಲದಿಂದ ಹೊರಗೆ ಹೊಡೆಯಬೇಕು, ಆದರೆ ಓಡಿಸಕೂಡದು. ಬಿದ್ದ ಪಶುವಿನ ಬಾಯಿಗೆ ಗೊಟ್ಟದಿಂದ ಏನನ್ನೂ ಹೊಯ್ಯಕೂಡದು. ಅದು ಶ್ವಾಸಕೋಶಕ್ಕೆ ಇಳಿದು ಬೇರೊಂದು ಮರಣವನ್ನು ತರುವುದು.

ವೈದ್ಯರು ಬೇಗ ಬಂದರೆ ಬದುಕುವ ಆಸೆಯುಂಟು. ಅವರು ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಲವಣಗಳನ್ನು ರಕ್ತನಾಳಕ್ಕೆ ಕೊಡುವರು. ಎರಡನೆಯದರಲ್ಲಿನ ಗಂಧಕವು ಸೈನೈಡನ್ನು ಕೂಡಿಕೊಂಡು ಅದನ್ನು ಅಷ್ಟೊಂದು ವಿಷಕರವಲ್ಲದ ವಸ್ತುವನ್ನಾಗಿ ಮಾಡಿ ಮೂತ್ರದಲ್ಲಿ ಹೊರಹಾಕುವುದು. ಆದರೆ ಇದು ಮನೆಯಲ್ಲಿ ಮಾಡತಕ್ಕ ಚಿಕಿತ್ಸೆಯಲ್ಲವೆಂದು ಒತ್ತಿ ಹೇಳುತ್ತೇವೆ. ಏಕೆಂದರೆ ಇದನ್ನೇ ಹೋಲುವ ಇನ್ನೊಂದು ವಿಷಬಾಧೆಯಿದೆ. ಗೊಬ್ಬರ ಹೆಚ್ಚಾದ ಹೊಲದ ಜೋಳ, ಮುಸುಕಿನ ಜೋಳ, ಮೇವಿನ ಹುಲ್ಲುಗಳಲ್ಲಿ ನೈಟ್ರೇಟ್ ಸೇರಿಕೊಳ್ಳುವುದುಂಟು. ಅದರಿಂದಲೂ ಹಸು ಹೀಗೆಯೇ ಏದುಸಿರು ಬಿಟ್ಟು ಬೀಳುವುದು; ಆದರೆ ಅದರ ರಕ್ತವು ಕಂದುಬಣ್ಣಕ್ಕೆ ತಿರುಗಿರುವುದು, ಔಷಧವೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕೇಡೇ ಹೆಚ್ಚುವುದು. ಎರಡನ್ನೂ ಬೇರೆಮಾಡಿ ನೋಡಬಲ್ಲವರು ವೈದ್ಯರು.

ನೆರೆಯವನ ಮೇಲಣ ಸಂಶಯ

ಈ ವಿಷದಿಂದ ಸಾಯುವುದು ಹಸುವೊಂದೇ ಅಲ್ಲ. ನೆರೆಹೊರೆಯ ಸ್ನೇಹವೂ ಸಾಯುವುದುಂಟು. ಬೆಳಗ್ಗೆ ಚೆನ್ನಾಗಿದ್ದ ಪಶು ಮಧ್ಯಾಹ್ನಕ್ಕೆ ಸತ್ತಿತೆಂದರೆ ಮನಸ್ಸು ಕಾರಣವನ್ನು ಹುಡುಕುವುದು ಸಹಜ. ಹಾವು ಕಚ್ಚಿತೆಂದು ಕೆಲವರು, ದೃಷ್ಟಿ ತಾಗಿತೆಂದು ಕೆಲವರು. ಬದುವಿನ ವ್ಯಾಜ್ಯವಿದ್ದರಂತೂ ಪಕ್ಕದ ಹೊಲದವನೇ ವಿಷವಿಟ್ಟನೆಂಬ ಮಾತು ಹೊರಡುವುದು. ಈ ಸಂಶಯಕ್ಕೆ ಹಳೆಯ ಬೇರೂ ಇದೆ. ಗುಲಗಂಜಿಯನ್ನು ಅರೆದು ಸೂಜಿಯ ಆಕಾರದಲ್ಲಿ ಒಣಗಿಸಿ ದನದ ಚರ್ಮದೊಳಗೆ ಚುಚ್ಚಿ ಕೊಲ್ಲುತ್ತಿದ್ದ ದುಷ್ಕೃತ್ಯವು ಬ್ರಿಟಿಷರ ಕಾಲದ ಹಿಂದೂಸ್ಥಾನದಲ್ಲಿ ಪೊಲೀಸರಿಗೂ ವೈದ್ಯರಿಗೂ ಪರಿಚಿತವಾಗಿದ್ದಿತು. ಆದರೆ ಗುಲಗಂಜಿಯ ವಿಷವು ನಿಧಾನದ್ದು. ಮೇಯುತ್ತಿದ್ದ ಹಸುವನ್ನು ನಿಂತ ನಿಲುವಿನಲ್ಲಿ ಕೆಡಹುವಂಥದಲ್ಲ.

ಆದ್ದರಿಂದ ಜಗಳಕ್ಕೆ ಮುಂಚೆ ಪರೀಕ್ಷೆಯಾಗಲಿ. ಮರಣೋತ್ತರ ಪರೀಕ್ಷೆಯನ್ನು ಪಶುವೈದ್ಯರಿಂದ ಮಾಡಿಸಬೇಕು. ಹಸುವಿಗೆ ವಿಮೆಯಿದ್ದರೆ ಇದು ಹೇಗೂ ಬೇಕಾಗುವುದು. ಪಿಕ್ರೇಟ್ ಸವರಿದ ಹಳದಿ ಕಾಗದದ ಚೂರನ್ನು ಜಜ್ಜಿದ ಎಲೆಯೊಡನೆ ಮುಚ್ಚಿದ ಸೀಸೆಯಲ್ಲಿ ತೂಗಬಿಟ್ಟರೆ, ಸೈನೈಡು ಇದ್ದ ಪಕ್ಷದಲ್ಲಿ ಅದು ಇಟ್ಟಿಗೆಯ ಕೆಂಪಿಗೆ ತಿರುಗುವುದು. ಮೇವಿನ ಮಾದರಿಯನ್ನೂ ಹೊಟ್ಟೆಯಲ್ಲಿದ್ದುದನ್ನೂ ಬಿಗಿಯಾಗಿ ಮುಚ್ಚಿ ತಂಪಿನಲ್ಲಿಟ್ಟು ಬೇಗನೆ ಕಳುಹಿಸಬೇಕು. ಈ ವಿಷವು ಗಾಳಿಗೆ ಹಾರಿಹೋಗುವಂಥದು. ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆಯಾಗಿ ಆರಂಭವಾದ ಈಗಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯು ನಾಡಿನ ಪಶುರೋಗಗಳ ಪರೀಕ್ಷೆಗೆಂದೇ ಇದೆ. ಮಾದರಿಯನ್ನು ಎಲ್ಲಿಗೆ ಕಳುಹಬೇಕೆಂಬುದನ್ನು ಊರಿನ ವೈದ್ಯರು ಹೇಳುವರು. ಕೆಂಪಾದ ಒಂದು ಕಾಗದದ ಚೂರು ಎರಡು ಮನೆಗಳ ನಡುವಣ ವೈರವನ್ನು ತಪ್ಪಿಸಬಲ್ಲುದು.

ಅಂಗಳದ ಗಿಡಗಳು

ಹೊಲವಿಲ್ಲದ ಪೇಟೆಯ ವಾಚಕರು ಇದು ತಮಗೆ ಸಂಬಂಧಿಸಿದುದಲ್ಲವೆಂದು ಭಾವಿಸಬಾರದು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಂಥ ಬೀದಿಗಳಲ್ಲಿಯೂ ದನಗಳು ತಿರುಗಾಡುವುವು; ಕಸದ ರಾಶಿಯಲ್ಲಿ ಬಾಯಿ ಹಾಕುವುವು. ಪೂಜೆಯ ಹೂವಿಗೆಂದು ನಾವು ಬೆಳೆಸುವ ಕಣಗಿಲೆಯು ಹೃದಯವನ್ನು ನಿಲ್ಲಿಸುವ ವಿಷ. ಹತ್ತಿಪ್ಪತ್ತು ಎಲೆಗಳೇ ದೊಡ್ಡ ಹಸುವನ್ನು ಕೊಲ್ಲಬಲ್ಲುವು. ಹಸಿಯೆಲೆ ಕಹಿಯಾದುದರಿಂದ ದನವು ಸಾಮಾನ್ಯವಾಗಿ ಅದನ್ನು ಮುಟ್ಟದು. ಆದರೆ ಗಿಡವನ್ನು ಕತ್ತರಿಸಿ ಬೀದಿಗೆಸೆದರೆ ಬಾಡಿದ ಎಲೆಯು ಬೇರೆ ಕಸದೊಡನೆ ಹೊಟ್ಟೆಗೆ ಹೋಗುವುದು. ಒಣಗಿದರೂ ಈ ವಿಷ ಇಳಿಯದು. ಕಣಗಿಲೆಯ ಕತ್ತರಿಕೆಯನ್ನು ಹೂಳಬೇಕು, ಗೋಡೆಯಾಚೆಗೆ ಎಸೆಯಕೂಡದು.

ಹರಳಿನ ಬೀಜದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯು ಭೂಮಿಗೆ ಒಳ್ಳೆಯ ಗೊಬ್ಬರ, ದನಕ್ಕೆ ವಿಷ. ಅದರ ಚೀಲವನ್ನು ಕಡಲೆಕಾಯಿ ಹಿಂಡಿಯ ಚೀಲದ ಪಕ್ಕದಲ್ಲಿಡುವುದು ಅವಿವೇಕ. ಹಸುರುಗಟ್ಟಿದ, ಮೊಳೆತ ಆಲೂಗೆಡ್ಡೆಯೂ ಮೇವಲ್ಲ. ಮನುಷ್ಯರು ತಿನ್ನದೆ ಬಿಟ್ಟುದನ್ನು ಹಸುವಿಗೆ ಹಾಕುವ ಮೊದಲು, ನಾವೇಕೆ ಬಿಟ್ಟೆವೆಂಬುದನ್ನು ಯೋಚಿಸಬೇಕು.

ಲಂಟಾನವು 1809ರ ಸುಮಾರಿಗೆ ಕಲ್ಕತ್ತೆಯ ತೋಟಕ್ಕೆ ಅಲಂಕಾರದ ಗಿಡವಾಗಿ ಬಂದು, ಈಗ ನಾಡಿನ ಗುಡ್ಡಗಾಡುಗಳನ್ನೆಲ್ಲ ಆವರಿಸಿದೆ. ಹಸಿದ ದನವು ಇದನ್ನು ಮೇದರೆ ಪಿತ್ತಕೋಶದ ಹಾದಿ ಕಟ್ಟುವುದು. ಎಲ್ಲ ಹಸುರಿನಿಂದಲೂ ಹೊಟ್ಟೆಯಲ್ಲಿ ಹುಟ್ಟಿ, ಪಿತ್ತದೊಡನೆ ಹೊರಹೋಗಬೇಕಾದ ಒಂದು ವಸ್ತುವು ಆಗ ಚರ್ಮದಲ್ಲಿ ನಿಲ್ಲುವುದು; ಬಿಸಿಲು ಬಿದ್ದೊಡನೆ ಮೂತಿ, ಕಿವಿ, ಮೈಯ ಬಿಳಿಯ ಭಾಗಗಳು ಸುಟ್ಟಂತಾಗಿ ಸುಲಿಯುವುವು. ಅಂಥ ಪಶುವನ್ನು ನೆರಳಿನಲ್ಲಿ ಕಟ್ಟಿ ವೈದ್ಯರನ್ನು ಕರೆಯಬೇಕು. ಬಿಳಿಯ ಮಚ್ಚೆಯ ಸೀಮೆಹಸುಗಳಿಗೆ ಈ ಉರಿ ಎದ್ದು ಕಾಣುವುದು.

1955ರಲ್ಲಿ ಪುಣೆಯ ಬಳಿ ಕಂಡುಬಂದು ನಾಡನ್ನೆಲ್ಲ ತುಂಬಿದ ಕಾಂಗ್ರೆಸ್ ಗಿಡವನ್ನು ದನವು ತಾನಾಗಿ ಮೇಯುವುದು ಕಡಿಮೆ. ಆದರೆ ಬೇರೆ ಹುಲ್ಲಿನೊಡನೆ ಕೊಯ್ದು ಹಾಕಿದರೆ ಹಾಲು ಕಹಿಯಾಗುವುದು. ಮೇವಿನಲ್ಲಿ ಅದರ ಪಾಲು ಹೆಚ್ಚಿದರೆ ಹಸು, ಎಮ್ಮೆಗಳು ಸಾಯಬಹುದೆಂಬುದು 1977ರಲ್ಲಿ ಪ್ರಕಟವಾದ ಬೆಂಗಳೂರಿನ ಪ್ರಯೋಗದಿಂದ ಸ್ಥಿರಪಟ್ಟಿತು. ಈ ಗಿಡವನ್ನು ತಿನ್ನುವ ಒಂದು ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿಗೆ ತರಿಸಲಾಯಿತು. ಮಳೆಗಾಲದಲ್ಲಿ ಅದು ತನ್ನ ಕೆಲಸ ಮಾಡುವುದು. ಹೂ ಬಿಡುವ ಮುನ್ನ ಕೈಗೆ ಚೀಲ ಹಾಕಿಕೊಂಡು ಗಿಡವನ್ನು ಬೇರುಸಹಿತ ಕೀಳುವ ಕೆಲಸ ನಮ್ಮದು.

ಪಶುವಿನ ಅರಿವು

ಆಡು ಮುಟ್ಟದ ಸೊಪ್ಪಿಲ್ಲವೆಂದು ನಮ್ಮ ಗಾದೆ. ಆದರೆ ಆಡೂ ಮುಟ್ಟದ ಸೊಪ್ಪು ಒಂದುಂಟು; ಅದು ಆಡುಸೋಗೆ. ಕೆ.ಜಿ.ಎಫ್.ನ ತಮಿಳು ಮನೆಗಳಲ್ಲಿ ಅದನ್ನು ಆಡಾತೊಡೈ ಎನ್ನುವರು; ಆಡು ತೊಡದುದು, ಎಂದರೆ ಮುಟ್ಟದುದು, ಎಂದೇ ಅದರ ಅರ್ಥವನ್ನು ಹೇಳುವುದುಂಟು. ಹೊಟ್ಟೆ ತುಂಬಿದ ಪಶುವಿಗೆ ಈ ವಿವೇಕವಿದೆ. ಅದು ಮೂಸಿ, ಆರಿಸಿ, ಬಿಟ್ಟು ಮೇಯುವುದು. ಹಸಿದ ಪಶು ಆರಿಸುವುದಿಲ್ಲ. ದೂರದ ಸಂತೆಯಿಂದ ತಂದ ಹೊಸ ಹಸುವಿಗೆ ಇಲ್ಲಿಯ ಗಿಡಗಳ ಪರಿಚಯವಿರುವುದಿಲ್ಲ. ಕಟ್ಟಿಹಾಕಿ ಕತ್ತರಿಸಿದ ಮೇವನ್ನೇ ತಿನ್ನಿಸಿದ ಹಸುವಿಗಂತೂ ಆರಿಸುವ ಅವಕಾಶವನ್ನೇ ನಾವು ಕೊಟ್ಟಿಲ್ಲ. ಆ ವಿವೇಕವನ್ನು ಅದರ ಪರವಾಗಿ ನಾವೇ ವಹಿಸಬೇಕು.

ಅದಕ್ಕೆ ವಿಧಿಗಳು ಕಠಿನವಾದುವಲ್ಲ. ದನವನ್ನು ಹೊರಗೆ ಬಿಡುವ ಮುನ್ನ ಒಣಹುಲ್ಲನ್ನು ಹಾಕಿ ನೀರು ಕುಡಿಸಬೇಕು. ಜೋಳವನ್ನು ಹೂ ಬಿಟ್ಟ ಮೇಲೆ ಮೇಯಿಸುವುದು ಲೇಸು. ಮೊಣಕಾಲೆತ್ತರದ ಪೈರನ್ನು ಎಂದೂ ಮೇಯಿಸಕೂಡದು. ಬರದ ನಂತರ ಮಳೆ ಬಂದರೆ ಕನಿಷ್ಠಪಕ್ಷ ಎರಡು ವಾರ ಕಾದು, ಪೈರು ಎತ್ತರಕ್ಕೆ ಬಂದ ಮೇಲೆಯೇ ಬಿಡಬೇಕು. ಕೂಳೆಯ ಹೊಲಕ್ಕೆ ಬೇಲಿಯಿಲ್ಲದಿದ್ದರೆ ಹಗ್ಗ ಗೂಟಗಳಾದರೂ ಇರಲಿ. ಹಸಿಯ ಜೋಳವನ್ನು ರಾಗಿಹುಲ್ಲಿನೊಡನೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಅನುಮಾನದ ಪೈರನ್ನು ಕೊಯ್ದು ಪೂರ್ತಿಯಾಗಿ ಒಣಗಿಸಿದರೆ, ಇಲ್ಲವೆ ಗುಂಡಿಯಲ್ಲಿ ರಸಮೇವು ಮಾಡಿದರೆ ಸೈನೈಡು ಬಹುಮಟ್ಟಿಗೆ ಹೋಗುವುದು. ಅರೆಬಾಡಿದುದು ಮಾತ್ರ ಅಪಾಯಕರವೇ. ನೈಟ್ರೇಟಾದರೆ ಒಣಗಿಸಿದರೂ ಹೋಗದೆಂಬುದನ್ನು ಮರೆಯಕೂಡದು.

ಇವುಗಳಲ್ಲಿ ಮೊದಲನೆಯ ವಿಧಿಯೊಂದನ್ನೇ ತಪ್ಪದೆ ನಡೆಯಿಸಿದರೂ ಅನೇಕ ಹಸುಗಳು ಉಳಿಯುವುವು. ಅದು ಸಾಮಾನ್ಯವಾಗಿ ಮನೆಯ ಹೆಂಗಸರ ಕೈಯ ಕೆಲಸ. ಬೆಳಗ್ಗೆ ಹಾಲು ಕರೆದು, ಹಗ್ಗ ಬಿಚ್ಚುವ ಮೊದಲು, ಒಂದು ತೆಕ್ಕೆ ರಾಗಿಹುಲ್ಲನ್ನು ಹಸುವಿನ ಮುಂದೆ ಹಾಕಿ ಅದು ತಿಂದು ಮುಗಿಸುವವರೆಗೆ ಕಾಯುವುದಕ್ಕೆ ಎಷ್ಟು ಹೊತ್ತು ಬೇಕು? ಬಣವೆ ತೀರುತ್ತ ಬಂದ ವರ್ಷದಲ್ಲಿ ಆ ಒಂದು ತೆಕ್ಕೆಯೂ ಭಾರವೆನಿಸುವುದು ನಿಜ. ಆದರೆ ಅಂಥ ವರ್ಷಕ್ಕಾಗಿಯೇ ಅದನ್ನು ತೆಗೆದಿರಿಸಬೇಕು. ಬರದಲ್ಲಿ ಹಸುವನ್ನು ಹುಲ್ಲಿಲ್ಲದೆ ಕಳೆದುಕೊಂಡವರಿಗಿಂತ, ಬರ ಮುಗಿದು ಹಸುರು ಕಂಡ ದಿನ ಕಳೆದುಕೊಂಡವರ ದುಃಖವು ದೊಡ್ಡದು. ನಮ್ಮ ವಾಚಕರ ಮನೆಗಳಲ್ಲಿ ಆ ದುಃಖವು ಎಂದಿಗೂ ಬಾರದಿರಲಿ.